ಗೋಧಿ ಸೋಕದ ಹಿಟ್ಟು

ಶಿಡ್ಲಘಟ್ಟದ ಹಿಟ್ಟಿನ ಗಿರಣಿಯಲ್ಲಿ ಪದ್ಮಶ್ರೀ ಪ್ರತಿ ಶನಿವಾರದಂತೆ ಡಬ್ಬಿ ಹಿಡಿದು ನಿಂತಿದ್ದಳು. ರಾಗಿ, ಜೋಳ, ಸಜ್ಜೆ, ನವಣೆ, ಹುರಿದ ಕಡಲೆ; ಎಲ್ಲವನ್ನೂ ಅಪ್ಪನ ರೊಟ್ಟಿಗೆಂದು ಅವಳೇ ಆರಿಸಿ ಬೆರೆಸಿದ್ದಳು. ನಾಳೆ ಗೌರಿಬಿದನೂರಿನಿಂದ ಗಂಡಿನ ಕಡೆಯವರು ತಾಂಬೂಲ ಬದಲಾಯಿಸಲು ಬರುತ್ತಾರೆ. ಆಮೇಲೆ ಈ ಡಬ್ಬಿ ತರುವವರು ಬೇರೆ ಯಾರೋ.

ಗಿರಣಿಯ ಕೇಶವ್ ತಲೆ ಎತ್ತಿದ. ರೆಪ್ಪೆಯ ಮೇಲೆಲ್ಲ ಹಿಟ್ಟು. ಆ ಬಿಳಿ ರೆಪ್ಪೆಗಳ ಕೆಳಗಿನ ನೋಟ ಅವಳನ್ನು ಒಮ್ಮೆ ಮುಟ್ಟಿ, ತಕ್ಷಣ ಡಬ್ಬಿಗೆ ಇಳಿಯಿತು.

"ನಾಳೆ ನನಗೆ ತಾಂಬೂಲ," ಎಂದಳು.

"ಗೊತ್ತಾಯ್ತು. ಒಳ್ಳೇದಾಗ್ಲಿ."

ಅಷ್ಟೇ. ಇಷ್ಟು ಶನಿವಾರಗಳ ನಗು, ನೋಟ, ಎಲ್ಲ ಅಷ್ಟೇ. ಅವನು ಬೆನ್ನು ತಿರುಗಿಸಿ ಮಿಷನ್ನಿನ ಬಾಯನ್ನು ಬ್ರಷ್‌ನಿಂದ ಗುಡಿಸತೊಡಗಿದ.

"ಶುರುವಾಯ್ತಪ್ಪ!" ಸಾಲಿನಲ್ಲಿದ್ದ ವರಲಕ್ಷ್ಮಮ್ಮ ಗೊಣಗಿದರು. "ಈ ಹುಡುಗಿ ಬಂದ್ರೆ ಸಾಕು, ಮಿಷನ್ನಿಗೆ ಸ್ನಾನ! ಇವನು ಮೊದಲು ತನ್ನ ಮನೆ ರಾಗಿ ಸುರಿದು ಬೀಸೋದಂತೆ, ಅದನ್ನ ಹಸೂಗೆ ಹಾಕೋದಂತೆ. ನಮಗೆ ಯಾವತ್ತಾದ್ರೂ ಹಂಗೆ ಮಾಡಿದೀಯೇನೋ?"

"ಅವರಪ್ಪಂಗೆ ಗೋಧಿ ಆಗಲ್ಲ ಕಣಜ್ಜಿ. ಮಿಷನ್ನಲ್ಲಿ ಉಳಿದಿರೋ ಗೋಧಿ ಹಿಟ್ಟೆಲ್ಲ ಹೋಗ್ಬೇಕಲ್ಲ."

ಪದ್ಮಶ್ರೀ ಬೆಚ್ಚಿದಳು. ಗೋಧಿ ಚೂರು ಸೋಕಿದರೂ ಅಪ್ಪ ಹಾಸಿಗೆ ಹಿಡಿಯುತ್ತಿದ್ದರು. ಮಾತಿನ ನಡುವೆ ಎಂದೋ ಒಮ್ಮೆ ಹೇಳಿದ್ದಳು, ಹೇಳಿ ಮರೆತಿದ್ದಳು. ಈ ಗುಡಿಸಾಟ ಎಲ್ಲರಿಗೂ ಇದ್ದದ್ದೇ ಅಂದುಕೊಂಡಿದ್ದಳು.

"ಇಷ್ಟೆಲ್ಲ ಮಾಡೋರಿಗೆ ಒಂದು ಮಾತು ಹೇಳಕ್ಕಾಗಲ್ವಾ?" ಎಂದಳು ಅವನಿಗೆ.

ಬ್ರಷ್ ನಿಂತಿತು. "ನಿಮ್ಮಪ್ಪ ಬೇಡ ಅಂದ್ಬಿಟ್ರೆ ಈ ಡಬ್ಬೀನೂ ಬರಲ್ಲ. ಶನಿವಾರ ಒಂದಾದ್ರೂ ಉಳೀಲಿ ಅಂದ್ಕೊಂಡೆ."

"ಈಗ ಅದೂ ಉಳಿಯಲ್ಲ ಕಣ್ರೀ!" ಅವಳ ಧ್ವನಿ ಒಡೆಯಿತು. "ನನಗೆ ನೀವೇ ಬೇಕು ಅಂತ ಮನೇಲಿ ಹೇಳಿದೀನಿ. 'ಆ ಹುಡುಗ ಒಂದಿನ ಬಂದು ಕೇಳಿದನೇನಮ್ಮ?' ಅಂತಾರೆ ಅಪ್ಪ. ಏನಂತ ಹೇಳ್ಲಿ?"

ಕೇಶವ್ ತನ್ನ ರಾಗಿ ಸುರಿದು ಬೀಸಿದ, ಆಮೇಲೆ ಅವಳ ಕಾಳು ಬೀಸಿದ. ಹಿಟ್ಟು ತುಂಬಿ ಮುಚ್ಚಳ ಒತ್ತಿ, ಮಿಷನ್ ಆರಿಸಿದ.

"ಬಟ್ಟೆ ಬದಲಾಯಿಸ್ಕೊಂಡು ನಿಮ್ಮನೆಗೆ ಬರ್ತೀನಿ."

"ಬೇಡ. ಅಷ್ಟರಲ್ಲಿ ನಿಮ್ಮ ಧೈರ್ಯ ಹೋಗುತ್ತೆ. ಹೀಗೇ ಬನ್ನಿ."

"ಅಯ್ಯೋ, ನನ್ನ ಗೋಧಿ?" ಹಿಂದಿನಿಂದ ಯಾರೋ ಕೂಗಿದರು.

ವರಲಕ್ಷ್ಮಮ್ಮ ತಮ್ಮ ಚೀಲದ ಮೇಲೆ ಕುಕ್ಕರಿಸಿ ಕುಳಿತರು. "ಇರಯ್ಯ, ನಿನ್ನ ಗೋಧಿ ಎಲ್ಲೂ ಓಡಿಹೋಗಲ್ಲ. ಹೋಗ್ಬಾರಪ್ಪ ಕೇಶವ. ಮಿಷನ್ ಹತ್ರ ನಾನಿರ್ತೀನಿ."

ಡಬ್ಬಿ ಬಿಸಿಯಾಗಿತ್ತು. ಅದರ ಒಂದು ಬದಿಯ ಹಿಡಿಕೆ ಅವನು, ಇನ್ನೊಂದು ಬದಿಯದು ಅವಳು ಹಿಡಿದುಕೊಂಡು ಬಿಸಿಲಿಗಿಳಿದರು.