ತ್ಸುಬಾಮೆಯ ಹನ್ನೆರಡನೆಯ ಹಾಡು

ರೆಕಾರ್ಡಿಂಗ್ ಕೋಣೆಯ ದಪ್ಪ ಬಾಗಿಲು ದಾಟಿ ಎರಡು ಹೆಜ್ಜೆ ಇಡುವಷ್ಟರಲ್ಲಿ ಒಗಿನೊ ಗಕ್ಕನೆ ನಿಂತ. ಇಪ್ಪತ್ತೆಂಟು ವರ್ಷ ಪೊಲೀಸರಿಗೆ ಹೆಣಗಳ ಫೋಟೊ ತೆಗೆದುಕೊಟ್ಟು ನಿವೃತ್ತನಾದ ಮನುಷ್ಯ ಅವನು. ರಕ್ತ ಅವನಿಗೆ ಹೊಸದಲ್ಲ. ಆದರೆ ಇಷ್ಟು ಹಟ ಹಿಡಿದು ಕೊಂದದ್ದನ್ನು ಅವನು ಕಂಡದ್ದು ಕಡಿಮೆ.

ಕುಗಾ ಮಸಾಚಿಕಾ ಮಗ್ಗುಲಾಗಿ ಬಿದ್ದಿದ್ದ. ತಲೆಯ ಹಿಂಭಾಗ ಚಿಪ್ಪಿನಂತೆ ಒಡೆದಿತ್ತು. ಬಾಯಿ ಇದ್ದ ಜಾಗದಲ್ಲಿ ಹಲ್ಲಿನ ಚೂರು, ಹೆಪ್ಪುಗಟ್ಟಿದ ರಕ್ತ. ಬಲಗೈಯ ಬೆರಳುಗಳನ್ನು ಒಂದೊಂದಾಗಿ ಜಜ್ಜಲಾಗಿತ್ತು. ಪಕ್ಕದಲ್ಲೇ ಮೈಕಿನ ಕಂಬದ ಕಬ್ಬಿಣದ ಬುಡ ಉರುಳಿಕೊಂಡಿತ್ತು. ಅದಕ್ಕೆ ಕೂದಲು ಅಂಟಿತ್ತು.

"ಮೊದಲನೇ ಏಟಿಗೇ ಪ್ರಾಣ ಹೋಗಿದೆ ಅಂತಾರೆ ಡಾಕ್ಟ್ರು. ಒಂಬತ್ತರಿಂದ ಒಂಬತ್ತೂವರೆ ಒಳಗೆ," ಎಂದ ಇನ್‌ಸ್ಪೆಕ್ಟರ್ ಕಾಜಿವಾರಾ. "ಬಾಯಿ, ಬೆರಳು ಎಲ್ಲ ಆಮೇಲಿಂದು. ಸತ್ತೋನ್ನ ಮತ್ತೆ ಯಾಕೆ ಹೊಡೀಬೇಕಿತ್ತು ಅಕ್ಕ?"

"ಹೇಳೋ ಬಾಯಿ, ಬರೆಯೋ ಕೈ," ಎಂದಳು ಇಸುರುಗಿ ತೊಮೊಯೊ. "ಎರಡರ ಮೇಲೂ ಕೋಪ ಇದ್ದೋರು."

ಅರವತ್ತೆರಡು ವರ್ಷದ ತೊಮೊಯೊಗೆ ಟೋಕಿಯೊದ ಕೋಎಂಜಿಯಲ್ಲಿ ಹಳೆಯ ರೆಕಾರ್ಡುಗಳ ಒಂದು ಅಂಗಡಿ. ಅದರ ಮಹಡಿಯ ಮೇಲೆ ಒಗಿನೊನ ಬಾಡಿಗೆ ಕೋಣೆ. ಪೊಲೀಸರಿಗೆ ದಾರಿ ತೋಚದಾಗ ಕಾಜಿವಾರಾ ಆ ಅಂಗಡಿಯ ಬಾಗಿಲಿಗೆ ಬರುವುದು, ಆಕೆ ಬೈದುಕೊಂಡೇ ಹೊರಡುವುದು, ಒಗಿನೊ ಹಿಂದೆ ಹೋಗುವುದು ಹನ್ನೊಂದು ವರ್ಷದಿಂದ ನಡೆದು ಬಂದಿತ್ತು. ಈ ಸಲ ರೇಡಿಯೊದಲ್ಲಿ ಸುದ್ದಿ ಕೇಳಿ, ಕರೆ ಬರುವ ಮೊದಲೇ ಆಕೆ ಛತ್ರಿ ಹಿಡಿದು ನಿಂತಿದ್ದಳು. ಕುಗಾ ಅಂದರೆ 'ತ್ಸುಬಾಮೆ' ತಂಡವನ್ನು ಕಟ್ಟಿದ ನಿರ್ಮಾಪಕ. ಮೂವರು ಹೆಂಗಸರ ಆ ತಂಡದ ಹಾಡು ಕೇಳದ ಟ್ಯಾಕ್ಸಿ ಆ ವರ್ಷ ಟೋಕಿಯೊದಲ್ಲಿ ಇರಲಿಲ್ಲ. ಅವರ ಹನ್ನೆರಡನೆಯ ಸಿಡಿ ಅದೇ ದಿನ, ಮಂಗಳವಾರ ಬೆಳಿಗ್ಗೆ ಅಂಗಡಿಗಳಿಗೆ ಬಂದಿತ್ತು.

ಮೇಜಿನ ಮೇಲೆ ಖಾಲಿ ಟೇಪ್ ಡಬ್ಬಿಯೊಂದಿತ್ತು. ರಟ್ಟಿನ ಮೇಲೆ ಕುಗಾನ ಕೈಬರಹ: 'ಹನ್ನೆರಡನೆಯ ಹಾಡು, ಪೂರ್ತಿ. ಸಂಗ್ರಹದ ಆಲ್ಬಮ್‌ಗೆ. ಮಂಗಳವಾರ, ಬೆಳಿಗ್ಗೆ 8:50.' ಡಬ್ಬಿಯ ಕೆಳಗಿನ ಮೂಲೆಯನ್ನು ಯಾರೋ ಹರಿದುಕೊಂಡು ಹೋಗಿದ್ದರು. ತೊಮೊಯೊ ಕಪಾಟಿನ ಬೇರೆ ಡಬ್ಬಿಗಳನ್ನು ನೋಡಿದಳು. ಆ ಮೂಲೆಯಲ್ಲಿ ಎಲ್ಲದರ ಮೇಲೂ ಒಂದೇ ಸಾಲು: 'ಸಂಗೀತ: ಉರಾಬೆ ಗೆಂಜಿರೊ.'

"ಟೇಪು ಇನ್ನೂ ಯಂತ್ರದಲ್ಲೇ ಇದೆ," ಎಂದು ಕಾಜಿವಾರಾ ಗುಂಡಿ ಒತ್ತಿದ.

ಹೆಣದ ಮೇಲೆ ಹಾಡು ಹರಿಯಿತು. ಸಮುದ್ರ, ಬೇಸಿಗೆ, ತಪ್ಪಿಹೋದ ಕೊನೆಯ ಬಸ್ಸು. ವಾದ್ಯಗಳು ನಿಂತವು. ಆಮೇಲೆ ಒಬ್ಬ ಹೆಂಗಸು, ತೀರ ಹತ್ತಿರದಲ್ಲಿ, ಮನಸ್ಸು ತುಂಬಿ ನಕ್ಕಳು. ತೆರೆದಿದ್ದ ಬಾಗಿಲಾಚೆ ಮೊಗಸಾಲೆಯಲ್ಲಿ ಯಾರೋ ಕುಸಿದು ಬಿದ್ದ ಸದ್ದು ಕೇಳಿತು.

ಬಿದ್ದವಳು ತಂಡದ ಮೂರನೆಯವಳು, ಮನಾಬೆ ರಿತ್ಸುಕೊ. ವೇದಿಕೆಯ ಅಂಚಿನಲ್ಲಿ ನಿಂತು ಕೆಳದನಿಯಲ್ಲಿ ದನಿಗೂಡಿಸುವವಳು. ಒಗಿನೊ ನೀರು ಕುಡಿಸುವಾಗ ಅವಳ ಎಡಗೈಯ ಎರಡು ಬೆರಳು ಸೊಟ್ಟಗೆ ಕೂಡಿಕೊಂಡಿದ್ದುದನ್ನು ನೋಡಿದ. ಕಾರಿನ ಬಾಗಿಲಿಗೆ ಸಿಕ್ಕಿದ್ದು ಎಂದಳು.

"ಆ ನಗು ನಿಂದಾ ಮಗಳೇ?" ಎಂದು ಕೇಳಿದಳು ತೊಮೊಯೊ.

"ಹೂಂ. ನಿನ್ನೆ ಸಂಜೆ ಕುಗಾ ಅವ್ರು ನನ್ನೊಬ್ಬಳನ್ನೇ ಕರೆಸಿ ಕೊನೇ ಸಾಲು ಮತ್ತೆ ಹಾಡಿಸಿದ್ರು. ಚೆನ್ನಾಗಿ ಬಂತಲ್ಲಾ ಅಂತ ನಕ್ಬಿಟ್ಟೆ. ಇರ್ಲಿ ಬಿಡು, ಇದನ್ನೂ ಇಟ್ಕೋತೀನಿ ಅಂದ್ರು." ಅವಳು ಲೋಟ ಕೆಳಗಿಟ್ಟಳು. "ಯಾರಿಗೂ ಹೇಳಿಲ್ಲ ನಾನು. ನಾವಿಬ್ರೇ ಇದ್ದಿದ್ದು."

ಮಧ್ಯಾಹ್ನ ಮೇಲಿನ ಮಹಡಿಯಲ್ಲಿ ಒಬ್ಬೊಬ್ಬರನ್ನೇ ಕರೆಸಿದರು. ತಂಡದ ಎರಡನೆಯವಳು ಆ ವಾರ ಊರಲ್ಲೇ ಇರಲಿಲ್ಲ. ಹೆಣವನ್ನು ಮೊದಲು ಕಂಡವನು ತಂಡದ ಮ್ಯಾನೇಜರ್ ಸೆಗಾವಾ. ಅವನ ಅಂಗಿಯ ತೋಳೆಲ್ಲ ರಕ್ತ.

"ಉಸಿರಿದೆಯಾ ಅಂತ ಎತ್ತಿ ನೋಡ್ದೆ, ಅದಕ್ಕೇ ಹತ್ಕೊಂಡಿದ್ದು. ಮಾರಾಟದ ಪಟ್ಟೀಲಿ ಒಂಬತ್ತು ಸತಿ ಸಾಲಾಗಿ ಮೊದಲನೇ ಜಾಗ ಕೊಡ್ಸಿದ ಮನುಷ್ಯನ್ನ ನಾನ್ಯಾಕೆ ಕೊಲ್ಲಲಿ? ಚಿನ್ನದ ಮೊಟ್ಟೆ ಇಡೋ ಕೋಳಿ ಕತ್ತು ಯಾರಾದ್ರೂ ಮುರೀತಾರಾ?"

ಮುಖ್ಯ ಗಾಯಕಿ ಶಿರಾನುಯಿ ಕೊತೊಹಾ ಕೈಕಟ್ಟಿ ಕುಳಿತಳು. "ಕುಗಾ ಜೊತೆ ಜಗಳ ಆಡಿದ್ದು ನಿಜ. ಕೊನೇ ಸಾಲನ್ನ ರಿತ್ಸುಕೊಗೆ ಕೊಡ್ತೀನಿ ಅಂದ. ಚಹಾ ಕಪ್ಪು ಎತ್ತಿ ಎಸೆದೆ. ಆದ್ರೆ ಕಪ್ಪು ಬೇರೆ, ಕಬ್ಬಿಣ ಬೇರೆ ಅಜ್ಜಿ. ನನ್ನ ಮುಖಾನ ಹಿಂಗೆ ನೋಡ್ಬೇಡಿ."

ಕೊನೆಗೆ ಬಂದವನು ಉರಾಬೆ ಗೆಂಜಿರೊ, ಹನ್ನೆರಡೂ ಹಾಡುಗಳ ಸಂಗೀತಕಾರ. ಬೂದು ಕೂದಲು, ರೇಷ್ಮೆ ಸ್ಕಾರ್ಫು. ರೆಕಾರ್ಡಿಂಗ್‌ಗೆ ಎಂದೂ ಕಾಲಿಡದೆ ರೈಲಿನಲ್ಲಿ ಒಂದು ಗಂಟೆ ದೂರದ ಕಾಮಾಕುರಾದ ಮನೆಯಿಂದ ಸ್ವರಗಳನ್ನು ಬರೆದು ಕಳಿಸುವುದು ಅವನ ಪದ್ಧತಿ.

"ಹತ್ತೂವರೆ ತನಕ ನಿದ್ದೆ ಮಾಡ್ತಿದ್ದೆ," ಎಂದ. "ಎದ್ದು ಸ್ಟೇಷನ್ ಹತ್ರ ಹೋಗಿ ಹೊಸ ಸಿಡಿ ತಗೊಂಡೆ. ಹನ್ನೊಂದು ಇಪ್ಪತ್ತು, ಚೀಟಿ ಇದೆ, ನೋಡಿ. ಸತ್ತೋರ ಬಗ್ಗೆ ಕೆಟ್ಟದ್ದು ಆಡ್ಬಾರ್ದು. ಆದ್ರೂ ಹೇಳ್ತೀನಿ, ಕುಗಾನ ಕಿವಿ ಈಚೆಗೆ ಕೆಟ್ಟಿತ್ತು. ಅಷ್ಟು ಒಳ್ಳೇ ಹಾಡು, ಕೊನೇಲಿ ಆ ಹುಡುಗಿ ನಗು! ಅದನ್ನ ಕತ್ತರಿಸ್ದೆ ಬಿಡೋದಾ?"

"ಅಂಗಡೀಲಿ ತಗೊಂಡಿದ್ದನ್ನೇ ಕೇಳಿದ್ರಾ?" ಎಂದಳು ತೊಮೊಯೊ.

"ರೈಲಲ್ಲೇ ಕೇಳ್ದೆ. ಬೇರೆ ಎಲ್ಲಿ ಕೇಳ್ಲಿ?"

ಆಕೆ ತಲೆಬಾಗಿಸಿ ಧನ್ಯವಾದ ಹೇಳಿದಳು. ಹಿಂತಿರುಗುವ ದಾರಿಯಲ್ಲಿ ಒಗಿನೊನಿಂದ ಒಂದು ಹೊಸ ಸಿಡಿ ತರಿಸಿದಳು. ಅಂಗಡಿಯ ಹಿಂಭಾಗದಲ್ಲಿ ಕುಳಿತು ಇಬ್ಬರೂ ಅದನ್ನು ಕೇಳಿದರು. ಆಕೆ ಮತ್ತೆ ಹಾಕಿಸಿದಳು.

"ಏನ್ ಕೇಳಿಸ್ತು ಒಗಿನೊ?"

"ಹಾಡು. ಕೊನೇಲಿ ಹಾಗೇ ಸಣ್ಣಗಾಗ್ತಾ ಸಣ್ಣಗಾಗ್ತಾ ನಿಂತೋಯ್ತು."

"ಸರಿ. ಈಗ ಅಲ್ಲಿರೋ ತ್ಸುಬಾಮೆಯ ಹಳೇವನ್ನೆಲ್ಲ ತಾ. ಮೊದಲನೇದ್ರಿಂದ."

ಮೊದಲನೆಯ ಹಾಡು ವಾರದ ಪಟ್ಟಿಯಲ್ಲಿ ಎಂಬತ್ತೇಳನೆಯದು. ಎರಡನೆಯದು ಅರವತ್ತರ ಆಸುಪಾಸು. ಮೂರನೆಯದು ಬಂದ ವಾರವೇ ಮೊದಲ ಸ್ಥಾನ. ಅಲ್ಲಿಂದ ಹನ್ನೊಂದರವರೆಗೆ ಒಂದೂ ಕೆಳಗಿಳಿದಿಲ್ಲ. ಒಗಿನೊಗೆ ಸಂಗೀತ ಅಷ್ಟಕ್ಕಷ್ಟೇ. ಆದರೂ ಎರಡಕ್ಕೂ ಮೂರಕ್ಕೂ ನಡುವೆ ಏನೋ ಬದಲಾಗಿದೆ ಎಂಬುದು ಅವನ ಕಿವಿಗೂ ಬಿತ್ತು. ಏನೆಂದು ಹೇಳಲು ಬರಲಿಲ್ಲ. ತೊಮೊಯೊ ಕಣ್ಣು ಮುಚ್ಚಿ ಕುಳಿತಿದ್ದಳು. ಚಹಾ ಆರಿ ತಣ್ಣಗಾಯಿತು.

ಮರುದಿನ ಬೆಳಿಗ್ಗೆ ಹತ್ತಕ್ಕೆ ಅದೇ ರೆಕಾರ್ಡಿಂಗ್ ಕೋಣೆಯಲ್ಲಿ ಎಲ್ಲರೂ ಸೇರಿದರು. ರತ್ನಗಂಬಳಿ ಕಿತ್ತು ಒಯ್ದಿದ್ದರು, ಹಲಗೆಯ ಮೇಲೆ ಕಪ್ಪು ಕಲೆ ಉಳಿದಿತ್ತು. ಯಾರೂ ಅದನ್ನು ತುಳಿಯಲಿಲ್ಲ. ಕಾಜಿವಾರಾ ಬಾಗಿಲಿಗೆ ಬೆನ್ನು ಕೊಟ್ಟು ನಿಂತ.

"ಮೂರನೇ ಹಾಡಿಂದ ಶುರು ಮಾಡ್ತೀನಿ," ಎಂದಳು ತೊಮೊಯೊ. "ಮೊದಲೆರಡು ಹಾಡು ಮೇಲಿನ ಸ್ವರಗಳ ಕಸರತ್ತು. ಗಂಟಲು ಹರಿದ್ರೂ ಪರವಾಗಿಲ್ಲ ಅನ್ನೋ ಥರ. ಮೂರನೇದ್ರಿಂದ ಹಾಗಲ್ಲ. ಕೊತೊಹಾ ಮೇಲೆ ಹಾಡ್ತಾಳೆ, ನಿಜ. ಆದ್ರೆ ಹಾಡು ನಿಂತಿರೋದು ಕೆಳಗಿನ ದನಿ ಮೇಲೆ. ಆ ದನಿ ತೆಗೆದ್ರೆ ಮನೆ ಕುಸಿಯುತ್ತೆ. ಅಂಚಿನಲ್ಲಿ ನಿಂತು ಹಾಡೋರಿಗಲ್ದೆ ಬೇರೆಯವ್ರಿಗೆ ಹಂಗೆ ಹೊಳಿಯೋದಿಲ್ಲ. ಹತ್ತು ಹಾಡು ಮಾಡಿದ್ದು ಉರಾಬೆ ಅಲ್ಲ. ರಿತ್ಸುಕೊ."

ಕೊತೊಹಾ ತಟ್ಟನೆ ರಿತ್ಸುಕೊಳ ಕಡೆ ತಿರುಗಿದಳು. ರಿತ್ಸುಕೊ ತಲೆ ಎತ್ತಲಿಲ್ಲ.

"ಸಂಗ್ರಹದ ಆಲ್ಬಮ್ ಮಾಡೋವಾಗ ಕುಗಾಗೆ ಇದು ಗೊತ್ತಾಗಿದೆ. ಹೌದೇನಮ್ಮ?"

"ನಾನೇ ಹೇಳ್ದೆ," ರಿತ್ಸುಕೊಳ ದನಿ ಕೇಳಿಸುವಷ್ಟೇ ಇತ್ತು. "ಮೂರನೇ ಹಾಡು ತೋರ್ಸಿದಾಗ ನನ್ನ ಹೆಸ್ರಲ್ಲೇ ಕಳಿಸ್ತೀನಿ ಅಂದ್ರು ಉರಾಬೆ ಮೇಷ್ಟ್ರು. ಪಟ್ಟೀಲಿ ಮೊದಲು ಬಂದ್ಮೇಲೆ ಹೋಗಿ ಕೇಳ್ದೆ. ಪಿಯಾನೊ ಮುಚ್ಚಳ ನನ್ನ ಕೈ ಮೇಲೆ ಹಾಕಿ ಒತ್ತಿದ್ರು. ಎರಡು ಬೆರಳು ಮುರೀತು. ಇನ್ನೊಂದ್ಸಲ ಕೇಳಿದ್ರೆ ಎಂಟು ಬಾಕಿ ಇದೆ ಅಂದ್ರು. ಹೆದರಿ ಆಮೇಲಿನವನ್ನೂ ಅವ್ರಿಗೇ ಕೊಟ್ಟೆ."

"ಕತೆ ಕಟ್ತಾಳೆ!" ಉರಾಬೆ ನಕ್ಕ. "ಪುರಾವೆ ಎಲ್ಲಿದೆ ಅಜ್ಜಿ?"

"ಡಬ್ಬಿಯಲ್ಲಿ ಹರಿದುಹೋದ ಮೂಲೆ ನೋಡಿ. ನಿಮ್ಮ ಹೆಸರು ಇದ್ದಿದ್ರೆ ಯಾರೂ ಅದನ್ನ ಹರೀತಿರ್ಲಿಲ್ಲ. ನಿಮ್ಮ ಹೆಸರಿನ ಹನ್ನೊಂದು ಡಬ್ಬಿ ಕಪಾಟಲ್ಲಿ ಹಾಗೇ ಇವೆ. ಕುಗಾ ಅಲ್ಲಿ ಬೇರೆ ಹೆಸರು ಬರೆದಿದ್ದ. ಅದಕ್ಕೇ ಆ ಬಾಯಿ, ಆ ಬೆರಳು. ಆ ಹೆಸರು ಹೋದ್ರೆ ಲಾಭ ಯಾರಿಗೆ ಅಂತ ಕೊತೊಹಾನ ಕೇಳಿದ್ರೂ, ಸೆಗಾವಾನ ಕೇಳಿದ್ರೂ ಒಂದೇ ಉತ್ತರ."

"ಲಾಭ ಇದ್ದ ಮಾತ್ರಕ್ಕೆ ಕೊಲೆಗಾರನಾ?"

"ಅಲ್ಲ. ಆದ್ರೆ ನೀವು ನಗು ಕೇಳಿದ್ರಲ್ಲ." ತೊಮೊಯೊ ಚೀಲದಿಂದ ಸಿಡಿ ತೆಗೆದಳು. "ಒಗಿನೊ, ಹಾಕು."

ಹಾಡು ಬಂತು. ಸಣ್ಣಗಾಯಿತು. ನಿಂತಿತು. ನಗು ಇರಲಿಲ್ಲ. ಉರಾಬೆಯ ಮುಖದಿಂದ ಬಣ್ಣ ಇಳಿಯುವುದನ್ನು ಒಗಿನೊ ಕಣ್ಣಾರೆ ಕಂಡ.

"ಈ ಸಿಡಿ ಅಚ್ಚಾಗಿ ಮೂರು ವಾರ ಆಯ್ತು," ಎಂದಳು ತೊಮೊಯೊ. "ರಿತ್ಸುಕೊ ನಕ್ಕಿದ್ದು ಸೋಮವಾರ ಸಂಜೆ. ಕುಗಾ ಆ ನಗು ಸೇರಿಸಿ ಟೇಪು ಮುಗಿಸಿದ್ದು ಮಂಗಳವಾರ ಎಂಟು ಐವತ್ತಕ್ಕೆ. ಒಂಬತ್ತೂವರೆ ಒಳಗೆ ಅವನು ಹೆಣ. ಆಮೇಲೆ ಪೊಲೀಸರು ಟೇಪು ಹಾಕಿದಾಗ ನೀವು ಇಲ್ಲಿರ್ಲಿಲ್ಲ. ಆ ನಲವತ್ತು ನಿಮಿಷದಲ್ಲಿ ಈ ಕೋಣೇಲಿ ಕೂತು ಅದನ್ನ ಕೇಳಿದೋರಿಗಲ್ದೆ ಇನ್ಯಾರಿಗೆ ಗೊತ್ತಿರುತ್ತೆ? ಕೊಂಡ ಸಿಡಿಯನ್ನ ನೀವು ಕೇಳ್ಲೇ ಇಲ್ಲ, ಅದ್ರಲ್ಲೂ ನಗು ಇರುತ್ತೆ ಅಂದ್ಕೊಂಡ್ರಿ. ಕುಗಾ ನಿಮಗೆ ಮೊದಲೇ ಹೇಳ್ಬೇಕು ಅಂತ ಕರೆಸಿದ. ಮರ್ಯಾದಸ್ಥ. ಹಾಡು ಕೇಳಿಸಿ, ಡಬ್ಬಿ ತೋರಿಸಿ, ಬೆನ್ನು ತಿರುಗಿಸ್ದ."

ಉರಾಬೆ ದಡಕ್ಕನೆ ಎದ್ದ. ಪಕ್ಕದಲ್ಲಿದ್ದ ಮೈಕಿನ ಕಂಬವನ್ನು ಎರಡೂ ಕೈಯಲ್ಲಿ ಕಿತ್ತೆತ್ತಿ, "ನನ್ನ ಹೆಸರು ಇಲ್ದಿದ್ರೆ ನೀನ್ಯಾರೇ?" ಎಂದು ಅರಚುತ್ತ ರಿತ್ಸುಕೊಳ ತಲೆಗೆ ಬೀಸಿದ.

ಒಗಿನೊ ಯೋಚಿಸಲಿಲ್ಲ. ನಡುವೆ ಕೈ ಒಡ್ಡಿದ. ಮುಂಗೈಯ ಮೂಳೆ ಲಟಕ್ಕೆಂದ ಸದ್ದು ಅವನಿಗೆ ಮೊದಲು ಕೇಳಿತು, ನೋವು ಆಮೇಲೆ ಬಂತು. ಎರಡನೆಯ ಏಟು ಅವನ ಭುಜ ಸೀಳಿತು. ಮೂರನೆಯದು ಮೇಲೇಳುವಷ್ಟರಲ್ಲಿ ಕೊತೊಹಾ ಕುರ್ಚಿಯನ್ನು ಎತ್ತಿ ಉರಾಬೆಯ ಮುಖಕ್ಕೆ ಅಪ್ಪಳಿಸಿದಳು. ಮೂಗು ಒಡೆದು ರಕ್ತ ಚಿಮ್ಮಿತು. ಅವನು ನೆಲಕ್ಕೆ ಬಿದ್ದ ಮೇಲೂ ಅವಳು ಇನ್ನೊಮ್ಮೆ ಹೊಡೆದಳು. "ಎಂಟು ಬಾಕಿ ಇದೆಯಾ? ಎಂಟು ಬಾಕಿ ಇದೆಯೇನೋ?" ಕಾಜಿವಾರಾ ಅವಳನ್ನು ಎತ್ತಿ ಈಚೆಗೆ ತರಬೇಕಾಯಿತು.

ಕೈಕೋಳ ಬಿದ್ದ ಮೇಲೆ ಉರಾಬೆ ಎಲ್ಲವನ್ನೂ ಒಪ್ಪಿಕೊಂಡ. ಅವನ ಮನೆಯ ತೋಟದಲ್ಲಿ ಅರೆಸುಟ್ಟ ಅಂಗಿಯೂ ಸಿಕ್ಕಿತು.

ಹನ್ನೆರಡನೆಯ ಹಾಡು ಆ ವಾರವೂ ಮೊದಲನೆಯದಾಯಿತು. ಅಚ್ಚಾಗಿಹೋದ ಲಕ್ಷಾಂತರ ಸಿಡಿಗಳ ಮೇಲೆ ಕೊಲೆಗಾರನ ಹೆಸರೇ ಇತ್ತು.

ಕುಗಾನ ಅಂತ್ಯಕ್ರಿಯೆಯ ದಿನ ದೇವಾಲಯದ ಗೇಟಿನ ಹೊರಗೆ ಪತ್ರಕರ್ತರ ನೂಕುನುಗ್ಗಲು. ಧೂಪ ಅರ್ಪಿಸಿ ಹೊರಬಂದ ರಿತ್ಸುಕೊ ತೊಮೊಯೊಳ ಮುಂದೆ ನಿಂತಳು. "ನಾನು ಬಾಯಿ ಮುಚ್ಕೊಂಡಿದ್ದಿದ್ರೆ ಅವ್ರು ಬದುಕಿರ್ತಿದ್ರು."

"ಕೊಂದಿದ್ದು ನಿನ್ನ ಮಾತಲ್ಲ ಮಗಳೇ. ಅವನ ಕೈ."

ಸೆಗಾವಾ ಓಡಿಬಂದ. "ನೋಡಮ್ಮ, ಒಂದೇ ಒಂದು ತಿಂಗಳು ಸುಮ್ನಿರು. ಈಗ ಹೆಸರು ಬದಲಾಯ್ತು ಅಂದ್ರೆ ಹಾಡು ಪಟ್ಟಿಯಿಂದ ಬಿದ್ದೋಗುತ್ತೆ."

"ಬೀಳ್ಲಿ," ಎಂದು ರಿತ್ಸುಕೊ ಅವನನ್ನು ದಾಟಿ ಮೈಕುಗಳ ಮುಂದೆ ಹೋದಳು. ಕೈಗೆ ಪಟ್ಟಿ ಕಟ್ಟಿಕೊಂಡಿದ್ದ ಒಗಿನೊ ಹಿಂದೆಯೇ ನಿಂತ.

"ಮೂರರಿಂದ ಹನ್ನೆರಡರವರೆಗಿನ ಹಾಡುಗಳನ್ನ ಮಾಡಿದ್ದು ನಾನು."

ಗದ್ದಲ ಎದ್ದಿತು. ಮುಂದಿದ್ದ ಒಬ್ಬ ಪತ್ರಕರ್ತ ಕೂಗಿ ಕೇಳಿದ: "ಹೇಳಿದ ಮಾತ್ರಕ್ಕೆ ಹೇಗೆ ನಂಬೋದು?"

ರಿತ್ಸುಕೊ ಕಣ್ಣು ಮುಚ್ಚಿ, ಯಾರೂ ಎಂದೂ ಕೇಳಿರದ ಹಾಡೊಂದನ್ನು ಎತ್ತಿಕೊಂಡಳು. ಮೊದಲ ಸಾಲಿಗೆ ಗದ್ದಲ ತಗ್ಗಿತು. ಎರಡನೆಯದಕ್ಕೆ ಕ್ಯಾಮೆರಾಗಳ ಸದ್ದೂ ನಿಂತಿತು. ಕೊತೊಹಾ ಬಂದು ಪಕ್ಕದಲ್ಲಿ ನಿಂತಳು. ಅವಳಿಗೆ ಆ ಹಾಡಿನ ಒಂದು ಮಾತೂ ಗೊತ್ತಿರಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಅವಳು ದನಿ ತಗ್ಗಿಸಿ, ಗೆಳತಿಯ ಹಿಂದೆ ಹಿಂದೆ, ಬರೀ ರಾಗ ಹಿಡಿದು ಹೋದಳು.