ತುಳುಕುವಷ್ಟು ಚಹಾ

"ಹತ್ರ ಬಂದ್ರೆ ಕಚ್ಚಿಬಿಡ್ತೀನಿ, ನುರ್ಕೆನ್!"

ಅಡುಗೆಮನೆಯ ಮೂಲೆಯಲ್ಲಿ ನಿಂತು ಅಕ್ಬೋತಾ ಗುಡುಗಿದಳು. ಎದುರಿಗೆ ಅವಳ ಗಂಡ. ತರಾಜ್ ಪಟ್ಟಣದ ಬಸ್ ಡ್ರೈವರ್, ಜೀವಂತ ಟಗರನ್ನು ಕಂಕುಳಲ್ಲಿ ಇಟ್ಟುಕೊಂಡು ನಡೆಯುವ ಆಳು. ಈಗ ಕೂದಲೆಳೆಯಂಥ ಸೂಜಿ ಹಿಡಿದು ಗಾಳಿಗೆ ಸಿಕ್ಕ ಎಲೆಯ ಹಾಗೆ ನಡುಗುತ್ತಿದ್ದ!

"ನಾನೇನ್ ಮಾಡ್ಲಿ ಬೋತಾ? ದಿನಾ ಸಂಜೆ ಹೊಟ್ಟೆಗೇ ಚುಚ್ಚಬೇಕು ಅಂತ ಡಾಕ್ಟ್ರಮ್ಮ ಹೇಳಿದಾರಲ್ಲ..."

"ಮೊದ್ಲ ದಿನ ಚುಚ್ಚಿಸ್ಕೊಂಡಿದ್ದು ನಾನು, ತಲೆ ತಿರುಗಿ ಬಿದ್ದಿದ್ದು ನೀನು! ಕಣ್ ಬಿಟ್ಕೊಂಡು ಚುಚ್ಚು!"

ಮದುವೆಯಾಗಿ ವರ್ಷಗಳಾಗಿದ್ದವು. ಮಗುವಿಗಾಗಿ ಈ ಹಾರ್ಮೋನ್ ಸೂಜಿ. ಮಗು ಬರುವ ಮೊದಲೇ ಅದರ ರಂಪಾಟವೆಲ್ಲ ಬಂದಿಳಿದಿತ್ತು ನೋಡಿ! ಹೊರಗೆ ಉಗುಳಿದರೆ ನೆಲ ಮುಟ್ಟುವಷ್ಟರಲ್ಲಿ ಗಡ್ಡೆಗಟ್ಟುವ ಚಳಿ. ಇವಳು ಮಾತ್ರ ಫ್ರಿಜ್ಜಿನೊಳಗೆ ತಲೆಯಿಟ್ಟು, ಕುದುರೆ ಮಾಂಸದ ಸಾಸೇಜಿಗೆ ಕೆನ್ನೆ ಒತ್ತಿ "ಉಸ್ಸಪ್ಪಾ" ಎನ್ನುತ್ತಿದ್ದಳು. ಹೊಟ್ಟೆ ಉಬ್ಬಿ ಡೋಲು. ಕೋಪ ಮೂಗಿನ ತುದಿಯಲ್ಲಿ, ಕಣ್ಣೀರು ರೆಪ್ಪೆಯ ತುದಿಯಲ್ಲಿ. ಸೋಪಿನ ಜಾಹೀರಾತು ಬಂದರೂ ಅಳು! ಉಪ್ಪೊಂದು ಇಲ್ಲದಿದ್ದರೆ ಆ ಕಣ್ಣೀರಲ್ಲಿ ಒಂಟೆಗಳ ಹಿಂಡೇ ದಾಹ ತೀರಿಸಿಕೊಳ್ಳುತ್ತಿತ್ತು.

ಸೂಜಿ ಚುಚ್ಚಿತು.

"ಅಯ್ಯೋ! ನಿನ್ ಮುಖ ನೋಡಕ್ಕೇ ಆಗ್ತಿಲ್ಲ ನಂಗೆ!" ಎಂದು ಚೀರಿ ಅವಳು ಹೋಗಿ ಮಲಗಿಬಿಟ್ಟಳು.

ಮರುದಿನ ಬೆಳಗಿನ ಚಹಾಕ್ಕೆ ಅತ್ತೆಯೂ ಕೂತಿದ್ದಳು. ಆ ಸೀಮೆಯಲ್ಲಿ ಚಹಾ ಹಾಕುವುದು ಸೊಸೆಯ ಕೆಲಸ. ಬೇಕಾದವರಿಗೆ ಅರ್ಧ ಬಟ್ಟಲೂ ತುಂಬಿಸಬಾರದು; ಮತ್ತೆ ಮತ್ತೆ ಕೈ ಚಾಚಲಿ, ಕೂತೇ ಇರಲಿ ಅಂತ. ತುಳುಕುವಷ್ಟು ತುಂಬಿಸಿಕೊಟ್ಟರೆ? ಕುಡಿದು ಎದ್ದು ಹೋಗು ಅಂತ! ತೊಟ್ಟಿಲ ಕೂಸಿಗೂ ಗೊತ್ತು. ಹೆಣ್ಣು ಕೇಳಲು ಬಂದ ದಿನ ನುರ್ಕೆನ್ ಇವಳ ಕೈಯ ಅರ್ಧರ್ಧ ಬಟ್ಟಲು ಕುಡಿದೂ ಕುಡಿದೂ ಚಹಾ ಕಾಯಿಸುವ ಹಂಡೆ, ಒಂದಿಡೀ ಸಮೋವಾರ್, ಬರಿದು ಮಾಡಿದ್ದ.

ಆ ಬೆಳಿಗ್ಗೆ ಟಿವಿಯಲ್ಲಿ ತಾಯಿಯಿಂದ ಅಗಲಿದ ಕುದುರೆಮರಿಯೊಂದು ಬಂತು. ಅಕ್ಬೋತಾಳ ಕಣ್ಣು ಅಲ್ಲಿ, ಕೈ ಇಲ್ಲಿ. ಬಿಕ್ಕುತ್ತಾ ಸುರಿದಳು, ಸುರಿದಳು... ಅಂಚಿನವರೆಗೂ!

ನುರ್ಕೆನ್ ಬಟ್ಟಲು ನೋಡಿದ. ಹೆಂಡತಿಯನ್ನು ನೋಡಿದ. ಅವಳು ತಿರುಗಲೇ ಇಲ್ಲ. ಸುಡುವ ಚಹಾವನ್ನು ಗಟಗಟ ಕುಡಿದು, ಟೋಪಿ ಹಾಕಿಕೊಂಡು ಹೊರಟುಹೋದ.

ಸಂಜೆಯಾಯಿತು.

"ಆಪಾ, ಇವತ್ತು ಅಣ್ಣನ ಮನೇಲಿ ಮಲಗ್ತೀನಿ ಅಂತ ಮೆಸೇಜ್ ಹಾಕಿದಾನೆ! ಫೋನೂ ಎತ್ತುತಿಲ್ಲ!" ಅಕ್ಬೋತಾ ಅತ್ತೆಯ ಮುಂದೆ ಗೋಳಾಡಿದಳು.

ಅತ್ತೆ ಕುಲ್ಯಾಶ್ ಕಾಲುಚೀಲ ಹೆಣೆಯುತ್ತಲೇ ಹೇಳಿದಳು: "ಇನ್ನೇನ್ ಮಾಡ್ತಾನೆ? ನನ್ನೆದುರೇ ಗಂಡನ್ನ ಓಡಿಸ್ದೆಯಲ್ಲೇ. ಬಾತುಕೋಳಿ ಈಜೋವಷ್ಟು ಚಹಾ ಕೊಟ್ಟೆ!"

"ನಾನಾ?! ಆಗ್ಲೇ ಯಾಕೆ ಹೇಳ್ಲಿಲ್ಲ?"

"ಹೇಳೋಕೆ ನಂಗೇನು ಎರಡು ತಲೆ ಇದ್ಯಾ? ನಿನ್ನೆ ಉಪ್ಪು ಜಾಸ್ತಿ ಅಂದಿದ್ದಕ್ಕೇ ಸೌಟು ಎತ್ತಿದ್ದೆ!"

ಅಕ್ಬೋತಾ ಕನ್ನಡಿಯ ಮುಂದೆ ಹೋಗಿ ನಿಂತಳು. 'ಊದಿದ ಮುಖ, ಹಗಲೂ ರಾತ್ರಿ ಜಗಳ... ಯಾರಿಗೆ ಸಾಕಾಗಲ್ಲ? ಅವನು ವಾಪಸ್ ಬರದೇ ಹೋದ್ರೆ?'

ಫ್ಲಾಸ್ಕಿಗೆ ಚಹಾ ತುಂಬಿಸಿದಳು. ಬಟ್ಟಲು ತೆಗೆದುಕೊಂಡಳು. ಸೂಜಿಮದ್ದಿನ ತಂಪು ಚೀಲ ಹೆಗಲಿಗೇರಿಸಿ, ಕೋಟಿನ ಗುಂಡಿಯನ್ನೂ ಹಾಕದೆ ಬಸ್ ಸ್ಟಾಪಿಗೆ ಓಡಿದಳು. ಅವಳ ಮೈಯ ಕಾವಿಗೆ ದಾರಿಯ ಹಿಮವೆಲ್ಲ ಕರಗಿ ಕಾಲುವೆಯಾಯಿತು!

ಗಂಡನ ಬಸ್ಸು ಬಂದು ನಿಂತಿತು. ಹತ್ತಿದಳು.

"ಎಲ್ಲಿಗೆ?" ಅವನು ಮುಖ ನೋಡದೆ ಕೇಳಿದ.

"ನೀನೆಲ್ಲಿಗೋ ಅಲ್ಲಿಗೆ!"

 ಕೊನೆಯ ಸ್ಟಾಪ್ ಬಂದರೂ ಒಬ್ಬರೂ ಇಳಿಯಲಿಲ್ಲ. ಎಲ್ಲರ ಕಿವಿಯೂ ಕತ್ತೆಯ ಕಿವಿಯಷ್ಟು ಉದ್ದವಾಗಿತ್ತು.

"ಹೋಗು ಅಂದಿದ್ದು ನೀನೇ ತಾನೆ?" ನುರ್ಕೆನ್ ಮೆಲ್ಲಗೆ ಕೇಳಿದ.

"ಕುದುರೆಮರಿ ಅಳ್ತಿತ್ತು ಕಣೋ!"

"ಯಾವ ಕುದುರೆಮರಿ?"

"ಟಿವೀದು! ಅದನ್ನ ನೋಡ್ತಾ ಸುರಿದುಬಿಟ್ಟೆ... ನನ್ ತಲೆ ಎಲ್ಲಿತ್ತೋ!"

ಅವನು ಸ್ಟಿಯರಿಂಗ್ ಹಿಡಿದುಕೊಂಡೇ ತಲೆ ತಗ್ಗಿಸಿದ. "ಕೊರತೆ ಇರೋದು ನನ್ನಲ್ಲಿ ಅಂತ ಡಾಕ್ಟ್ರಮ್ಮ ಹೇಳಿದಾರೆ. ಚುಚ್ಚಿಸ್ಕೊಳ್ಳೋದು ನೀನು. ಬಟ್ಟಲು ತುಂಬಿದ್ದು ನೋಡಿ... ಸರಿಯಾಗೇ ಮಾಡಿದ್ಲು ಅನ್ನಿಸ್ತು, ಬೋತಾ."

ಅಕ್ಬೋತಾಳ ಕಣ್ಣು ತುಂಬಿದವು. ಈ ಸಲ ಹಾರ್ಮೋನಿನಿಂದಲ್ಲ.

"ಪೆದ್ದ! ನಂಗೆ ಬೇಕಾಗಿರೋದು ನಿನ್ ಮಗು. ನಿನ್ ಹಾಗೇ ಸೂಜಿ ಕಂಡ್ರೆ ನಡುಗೋ ಮಗು!"

ಫ್ಲಾಸ್ಕ್ ಬಗ್ಗಿಸಿದಳು. "ಸಾಕು ಮಗಳೇ, ಸಾಕು!" ಎಂದು ಬಸ್ಸೇ ಕೂಗಿತು.

ಅವನು ಬಟ್ಟಲೊಳಗೆ ಇಣುಕಿದ. "ಇದ್ರಲ್ಲಿ ನಾಲಿಗೇನೂ ಒದ್ದೆ ಆಗಲ್ವಲ್ಲೇ!"

"ಮತ್ತೆ ಕೈ ಚಾಚು. ಹಾಕ್ತೀನಿ."

"ಎಷ್ಟ್ ಸಲ?"

"ನಿಂಗೆ ಹಲ್ಲೆಲ್ಲ ಉದುರೋವರೆಗೂ..."

ಅವನು ಬಟ್ಟಲಿನ ಜೊತೆಗೆ ಅವಳ ಕೈಯನ್ನೂ ಹಿಡಿದುಕೊಂಡ. ಆಮೇಲೆ ಥಟ್ಟನೆ ಬೆಚ್ಚಿದ. "ಸೂಜಿ! ಹೊತ್ತಾಯ್ತಲ್ಲ!"

"ತಂದಿದೀನಿ."

ಮುಂದಿನ ಸೀಟಿನ ಮುದುಕಪ್ಪ ಎದ್ದ. "ಏಳ್ರಪ್ಪಾ, ಇಳೀರಿ ಎಲ್ರೂ! ಮೊಮ್ಮಗು ಬರೋ ದಾರೀಲಿ ಅಡ್ಡ ನಿಲ್ಬೇಡಿ!"

ಬಸ್ಸು ಖಾಲಿಯಾಯಿತು. ನುರ್ಕೆನ್ ಸೂಜಿ ಹಿಡಿದ. ಕೈ ಮತ್ತೆ ಗಡಗಡ.

"ಹೆದ್ರಿಕೆ ಆಗ್ತಿದ್ಯಾ ಬೋತಾ? ಕಣ್ ಮುಚ್ಕೋ."

"ನಾನ್ ಮುಚ್ಕೋತೀನಿ," ಅವಳು ನಗುತ್ತಾ ಅವನ ಟೋಪಿ ನೇರ ಮಾಡಿದಳು. "ನೀನ್ ಮಾತ್ರ ಮುಚ್ಕೋಬೇಡ!"