ಕ್ರೀಕಿಗೆ ಬಿದ್ದ ಕಡಗ

ಕರ್ಟನ್ ಸರಿಸಿದ ಸ್ವರ್ಣಲತಾಳ ಕೈ ಅಲ್ಲೇ ನಿಂತುಬಿಟ್ಟಿತು.

ವ್ಹೀಲ್‌ಚೇರಿನಲ್ಲಿ ಕೂತಿದ್ದವನು ನಿರಂಜನ!

ದುಬೈನ ಅಲ್ ನಹ್ದಾದ ಈ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ದಿನಾ ಎಷ್ಟೋ ಜನ ಬರುತ್ತಾರೆ. ಇವತ್ತು ಬರಬಾರದವನೇ ಬಂದಿದ್ದ. ವರ್ಷಗಳ ಹಿಂದೆ ಮೈಸೂರು ಸ್ಟೇಷನ್ನಿನಲ್ಲಿ, ಅವಳು ತೊಡಿಸಿದ್ದ ಬೆಳ್ಳಿ ಕಡಗವನ್ನು ಬಿಚ್ಚಿ ಅವಳ ಅಂಗೈಗೇ ವಾಪಸ್ಸಿಟ್ಟು ರೈಲು ಹತ್ತಿದ ಸೈನಿಕ!

"ಸ್ವರ್ಣ... ನೀನಾ?"

"ಸ್ವರ್ಣಲತಾ," ಎಂದಳು ಬಿಗಿಯಾಗಿ. "ಬಲಗಾಲು ಎತ್ತಿ."

ಕಾಲು ಏಳಲಿಲ್ಲ. ಬೆನ್ನುಹುರಿಯೊಳಗೆ ಗೆಡ್ಡೆ, ಇನ್ನು ಮಾಡುವಂಥದ್ದೇನೂ ಇಲ್ಲ ಎಂದು ಡಾಕ್ಟರ್ ಅವಳಿಗೆ ಮೊದಲೇ ಸ್ಕ್ಯಾನ್ ತೋರಿಸಿ ಹೇಳಿದ್ದರು; ಪೇಷಂಟಿನ ಹೆಸರನ್ನು ಅವಳು ಗಮನಿಸಿರಲಿಲ್ಲ. ಕೆಲಸ ಹೋಗಿ ಅವನ ವೀಸಾ ಕ್ಯಾನ್ಸಲ್ ಆಗಿತ್ತು. ಶುಕ್ರವಾರ ಊರಿಗೆ ಹೋಗುವ ಪೇಷಂಟನ್ನು ವಿಮಾನದ ಸೀಟಿಗೆ ದಾಟುವಷ್ಟಾದರೂ ತಯಾರು ಮಾಡಬೇಕಿತ್ತು, ಅಷ್ಟೇ.

'ಅಳಬೇಡ ಸ್ವರ್ಣ... ಇವನಿಗಾಗಿ ಒಮ್ಮೆ ಅತ್ತದ್ದು ಸಾಕು!'

ಆಗ ಅವಳು ಮೈಸೂರಿನಲ್ಲಿ ಓದುತ್ತಿದ್ದಳು. ರಜೆಯಲ್ಲಿ ಬಂದವನ ಬಾಯಲ್ಲಿ ಬರೀ ಅವನ ಹಗುರ ಪದಾತಿ ಡಿವಿಷನ್ನಿನ ಪುರಾಣ. ಹುಡುಗಿಯನ್ನು ಎದುರಿಗೆ ಕೂರಿಸಿಕೊಂಡು ಯುದ್ಧದ ಕಥೆ ಹೇಳುವ ಗಂಡಿಗೆ ಏನನ್ನಬೇಕು ಹೇಳಿ!

"ನಮಗೆ ಟ್ಯಾಂಕ್ ಇಲ್ಲ, ದೊಡ್ಡ ತೋಪಿಲ್ಲ ಕಣೇ. ಬೆನ್ನ ಮೇಲೆ ಹೊತ್ತದ್ದೇ ಆಸ್ತಿ. ಎಲ್ಲರಿಗಿಂತ ಮೊದಲು ಹೋಗಿ ಜಾಗ ಹಿಡೀಬೇಕು, ಹಿಂದಿನಿಂದ ದೊಡ್ಡ ಸೈನ್ಯ ಬರೋವರೆಗೂ ಬಿಡಬಾರದು. ಹಳೇ ಯುದ್ಧದಲ್ಲಿ ನಮ್ಮ ಹಿರಿಯರು ಒಂದು ಕಣಿವೆ ಹಿಡಿದು ಕಾದರು... ಯಾರೂ ಬರಲಿಲ್ಲ. ಆದರೂ ಬಿಡಲಿಲ್ಲ."

ಅಂಥವನು ಅವಳನ್ನೇ ಬಿಟ್ಟು ಹೋಗಿದ್ದ. ಅವಳು ನಂಬರ್ ಬದಲಿಸಿ ದುಬೈ ಸೇರಿದ್ದಳು.

"ಇಲ್ಲಿಗೆ ಎಂತಕ್ಕೆ ಬಂದ್ರಿ? ಮರಳು ಕಾಯ್ಲಿಕ್ಕಾ?"

"ಸೈನ್ಯ ಬಿಟ್ಟ ಮೇಲೆ ಇಲ್ಲೇ ಬನಿಯಾಸ್‌ ಏರಿಯಾದಲ್ಲಿ ಸೆಕ್ಯುರಿಟಿ ಸೂಪರ್‌ವೈಸರ್ ಆಗಿದ್ದೆ. ನೀನು ದುಬೈಲಿದ್ದೀಯ ಅಂತಷ್ಟೇ ಗೊತ್ತಾಯ್ತು. ಹುಡುಕ್ತಾ ಇದ್ದೆ..." ಅವನು ತಲೆ ತಗ್ಗಿಸಿದ. "ಕಡಗ ತಗೊಳ್ಳೋಕೆ."

"ನೀವೇ ಬೇಡ ಅಂತ ಕೊಟ್ಟದ್ದಲ್ವಾ!"

"ಬೇಡ ಅಂತಲ್ಲ!" ಅವನು ಬೆಚ್ಚಿಬಿದ್ದ. "ಗಡಿಯ ಗುಡ್ಡ ಹತ್ತೋಕೆ ಮುಂಚೆ ನಮ್ಮವರು ತುಂಬಾ ಇಷ್ಟದ ವಸ್ತುನ ಒಬ್ಬರ ಹತ್ತಿರ ಬಿಟ್ಟು ಹೋಗ್ತಾರೆ. ಯಾರ ಹತ್ತಿರ ತಿರುಗಿ ಬರಬೇಕೋ... ಅವರ ಹತ್ತಿರ."

"ಅದನ್ನು ಹೇಳ್ಲಿಕ್ಕೆ ಬಾಯಿ ಇರ್ಲಿಲ್ವಾ?"

"ನಮ್ಮಲ್ಲಿ ಯಾರೂ ಹೇಳಲ್ಲ, ಎಲ್ಲರಿಗೂ ಗೊತ್ತಿರುತ್ತೆ. ನಿನಗೂ ಗೊತ್ತು ಅಂದ್ಕೊಂಡೆ."

ಡಿವಿಷನ್ನಿನ ಇತಿಹಾಸವನ್ನೆಲ್ಲ ಕೊರೆದವನು ಇದೊಂದನ್ನು ಹೇಳಲು ಮರೆತಿದ್ದ! ಅವಳಿಗೆ ಅವನ ಕೆನ್ನೆಗೆ ಬಾರಿಸಬೇಕೆನಿಸಿತು, ಅಪ್ಪಿಕೊಂಡು ಅಳಬೇಕೂ ಎನಿಸಿತು.

"ಈಗ ಕೊಡ್ತೀಯಾ?"

ಸ್ವರ್ಣಲತಾ ಬರಿಗೈ ಬಿಚ್ಚಿ ತೋರಿಸಿದಳು.

"ಇಲ್ಲ ನಿರಂಜನ... ಇಲ್ಲಿಗೆ ಬಂದ ಹೊಸತರಲ್ಲಿ ಅಬ್ರಾ ದೋಣಿ ಹತ್ತಿ, ನಡು ಕ್ರೀಕಿನ ನೀರಿಗೆ ಬಿಸಾಡಿಬಿಟ್ಟೆ!"

ಅವನು ತನ್ನ ಬರಿದಾದ ಮಣಿಕಟ್ಟನ್ನು ನೋಡಿಕೊಂಡ. ಆಮೇಲೆ ಮೆಲ್ಲಗೆ ನಕ್ಕ. "ಖಲಾಸ್. ಹಾಗಾದ್ರೆ ತಿರುಗಿ ಬರೋಕೆ ಏನೂ ಉಳಿದಿಲ್ಲ."

"ಯಲ್ಲಾ ಸ್ವರ್ಣಾ, ಬೇಗ! ಮುಂದಿನ ಪೇಷಂಟ್ ಕಾಯ್ತಾ ಇದ್ದಾರೆ!" ಹೊರಗಿಂದ ರಿಸೆಪ್ಷನ್ನಿನ ಮಾರ್ಟಿನಾ ಕೂಗಿದಳು.

ಸ್ವರ್ಣಲತಾ ಕದಲಲಿಲ್ಲ. ಅವನ ಎದುರು ನೆಲದಲ್ಲೇ ಕೂತಳು.

"ನಾನು ಉಳಿದಿದ್ದೇನಲ್ಲ! ಶುಕ್ರವಾರ ನಾನೂ ಬರ್ತೇನೆ."

"ಬೇಡ ಕಣೇ. ಇದು ಗೆಲ್ಲೋ ಯುದ್ಧ ಅಲ್ಲ. ಹಿಂದಿನಿಂದ ಯಾರೂ ಬರಲ್ಲ."

"ಗೊತ್ತುಂಟು. ನಿಮ್ಮ ಸ್ಕ್ಯಾನ್ ನಾನೂ ನೋಡಿದ್ದೇನೆ." ಕಣ್ಣೀರು ಕೆನ್ನೆಗಿಳಿದರೂ ಅವಳು ಒರೆಸಿಕೊಳ್ಳಲಿಲ್ಲ. "ಯಾರೂ ಬರದಿದ್ರೂ ಹಿಡಿದದ್ದನ್ನು ಬಿಡ್ಬಾರ್ದು ಅಂತಿದ್ರಲ್ಲ... ಹಿಡ್ಕೊಳ್ಳಿ!"

ಅವಳು ಚಾಚಿದ ಕೈಯನ್ನು ಅವನು ಹಿಡಿದ. ಹಿಡಿತದಲ್ಲಿ ಬಲವಿರಲಿಲ್ಲ. ಅದಕ್ಕೇ ಅವಳೇ ಬಿಗಿಯಾಗಿ ಹಿಡಿದಳು.

"ಭಾರ ಆಗ್ತೀನಿ ಸ್ವರ್ಣ..."

"ಆಗಿ ಮಾರಾಯ್ರೇ. ನನ್ನದು ಹಗುರ ಡಿವಿಷನ್ ಅಲ್ಲ."